ಒದ್ದೆ ಕಂಡರೆ ಒರೆಸುವ ಕೈ

ನಾನು ಕೇಳಿದ್ದು ವಾರಕ್ಕೆ ಎರಡೇ ಎರಡು ಗಂಟೆ. ಮಂಗಳವಾರ ನಾಲ್ಕರಿಂದ ಐದು, ಶುಕ್ರವಾರ ನಾಲ್ಕರಿಂದ ಐದು. ವಾರಕ್ಕೆ ಒಟ್ಟು ನೂರಾ ಅರವತ್ತೆಂಟು ಗಂಟೆಗಳಿವೆಯಂತೆ (ಮಗಳು ಪ್ರೇರಣಾ ಫೋನಿನಲ್ಲಿ ಗುಣಿಸಿ ಹೇಳಿದಳು). ಅದರಲ್ಲಿ ನೂರಾ ಅರವತ್ತಾರನ್ನು ಈ ಮನೆಗೇ ಧಾರೆ ಎರೆದು, ಉಳಿದ ಎರಡನ್ನು ನನಗೆ ಬಿಡಿ ಎಂದೆ. ಅಷ್ಟಕ್ಕೆ ನಮ್ಮ ಯಜಮಾನರು, ಸಾಗರ ತಾಲ್ಲೂಕನ್ನೇ ನನ್ನ ಹೆಸರಿಗೆ ಬರೆದುಕೊಡಿ ಎಂದು ಕೇಳಿದೆನೇನೋ ಎಂಬ ಹಾಗೆ ಪೇಪರು ಮಡಿಚಿಟ್ಟು ನನ್ನನ್ನೇ ನೋಡಿದರು.

“ನಾಲ್ಕು ಗಂಟೆಗಾ? ಅದು ನಾನು ಕಾಫಿ ಕುಡಿಯ ಹೊತ್ತಲ್ದನೆ?”

“ಕುಡೀರಿ. ಫ್ಲಾಸ್ಕಿಗೆ ಹಾಕಿಟ್ಟು ಹೋಗ್ತಿ.”

“ಫ್ಲಾಸ್ಕಿನ ಕಾಫಿ ಕುಡಿಯಲೆ ನಾನೆಂತ ಆಸ್ಪತ್ರೇಲಿ ಇದ್ನಾ?”

ನಮ್ಮ ಯಜಮಾನರ ಹೆಸರು ಶ್ರೀನಾಥ್. ಸೊಸೈಟಿಯಲ್ಲಿ ಮೂವತ್ತೈದು ವರ್ಷ ಕಾರ್ಯದರ್ಶಿಯಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತರಾದರು. (ನಿವೃತ್ತಿ ಆಗಿದ್ದು ಅವರಿಗೆ. ನನಗೆ ಮಾರನೆಯ ದಿನದಿಂದಲೇ ಎರಡನೇ ಪಾಳಿ ಶುರುವಾಯಿತು.) ಮನೆಯಲ್ಲಿ ಇನ್ನೊಬ್ಬರಿದ್ದಾರೆ, ನಮ್ಮತ್ತೆ ವಿಶಾಲಾಕ್ಷಮ್ಮ. ವಯಸ್ಸು ಎಪ್ಪತ್ತೊಂಬತ್ತು. ಮಂಡಿ ಎರಡೂ ರಾಜೀನಾಮೆ ಕೊಟ್ಟಿವೆ, ಕಣ್ಣು ಮತ್ತು ಬಾಯಿ ಮಾತ್ರ ಇನ್ನೂ ಪೂರ್ಣಾವಧಿ ಸೇವೆಯಲ್ಲಿವೆ. ಇವರಿಬ್ಬರ ನಡುವೆ ಓಡಾಡುತ್ತಾ ಐವತ್ನಾಲ್ಕು ತುಂಬಿಸಿಕೊಂಡವಳು ನಾನು, ಶ್ಯಾಮಲಾ.

ನನಗೆ ಸುಸ್ತಾಗಿತ್ತು. ಅದನ್ನು ಬೇರೆ ರೀತಿಯಲ್ಲಿ ಹೇಳಲು ಬರುವುದಿಲ್ಲ. ಜ್ವರವಿಲ್ಲ, ಬಿ.ಪಿ. ಇಲ್ಲ, ಡಾಕ್ಟರು ರಕ್ತ ತೆಗೆದು ನೋಡಿ ‘ಎಲ್ಲ ಚೆನ್ನಾಗಿದೆ’ ಎಂದು ಬರೆದುಕೊಟ್ಟರು. ಆ ಚೀಟಿ ನೋಡಿದ ಮೇಲೆ ಇನ್ನಷ್ಟು ಸುಸ್ತಾಯಿತು. ಉಡುಪಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಪ್ರೇರಣಾ ಇದನ್ನೆಲ್ಲ ಕೇಳಿಸಿಕೊಂಡು, ಹನ್ನೆರಡು ಬಣ್ಣದ ಒಂದು ಡಬ್ಬಿ, ಮೂರು ಕುಂಚ, ದಪ್ಪ ಕಾಗದದ ಒಂದು ಪುಸ್ತಕ ಕಳಿಸಿದಳು. ಸಾಗರದಲ್ಲೇ ಜಲವರ್ಣದ ತರಗತಿ ನಡೆಯುತ್ತಿದೆ ಎಂಬುದನ್ನೂ ಅವಳೇ ಅಲ್ಲಿಂದ ಪತ್ತೆ ಹಚ್ಚಿದಳು.

ಜಲವರ್ಣ ಎಂದಾಗ ನನಗೆ ಧೈರ್ಯವೇ ಬಂತು. ಎಣ್ಣೆಬಣ್ಣವಾಗಿದ್ದರೆ ಬೇಡ ಎನ್ನುತ್ತಿದ್ದೆ, ಎಣ್ಣೆಯ ಜಿಡ್ಡು ತಿಕ್ಕಿ ಸಾಕಾಗಿದೆ. ನೀರಾದರೆ ನನ್ನ ಕೈ ಕೆಳಗಿನ ವಸ್ತು. ಅನ್ನಕ್ಕೆಷ್ಟು, ಹಿಟ್ಟಿಗೆಷ್ಟು, ಹುಳಿಗೆಷ್ಟು ಎಂದು ಅಳತೆಯಿಲ್ಲದೆ ಮೂವತ್ತು ವರ್ಷ ಸುರಿದಿದ್ದೇನೆ. ಕಾಗದಕ್ಕೆ ಎಷ್ಟು ಬೇಕಾದೀತು?

ತರಗತಿ ಇದ್ದದ್ದು ಹಿಟ್ಟಿನ ಗಿರಣಿಯ ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು, ಹಿಡಿಯಲು ಒಂದೇ ಕಡೆ ಸರಳು. ಕೆಳಗೆ ಯಾರಾದರೂ ಗೋಧಿ ಹಾಕಿದರೆ ಮೇಲೆ ನಮ್ಮ ಹಲಗೆಗಳೆಲ್ಲ ನಡುಗುತ್ತಿದ್ದವು. ಕಲಿಸುವವಳು ವಂದನಾ, ತೀರ್ಥಹಳ್ಳಿ ಕಡೆಯ ಹುಡುಗಿ, ಮದುವೆಯಾಗಿ ಇಲ್ಲಿಗೆ ಬಂದವಳು. ಮೂವತ್ತು ದಾಟಿರಲಿಕ್ಕಿಲ್ಲ. ತಾಳ್ಮೆಯನ್ನು ಎಲ್ಲಿಂದಲೋ ಎರಡು ಪಾಲು ತಂದುಕೊಂಡಿದ್ದಳು. ನನ್ನನ್ನು ಬಿಟ್ಟು ವಿದ್ಯಾರ್ಥಿಗಳು ಹನ್ನೊಂದು ಜನ. ಅವರಲ್ಲಿ ನನ್ನ ಪಕ್ಕಕ್ಕೆ ಕೂರುತ್ತಿದ್ದವರು ಪುಟ್ಟಪ್ಪನವರು, ಹೊಳೆಬಾಗಿಲಿನ ಲಾಂಚಿನಲ್ಲಿ ಇಡೀ ಆಯುಷ್ಯ ಕೆಲಸ ಮಾಡಿದವರು. ಸೇತುವೆ ಆಗಿ ಜನ ಕಾರಿನಲ್ಲೇ ಹೊಳೆ ದಾಟುವ ಕಾಲ ಬಂದಮೇಲೆ, ಲಾಂಚನ್ನು ಕಾಗದದ ಮೇಲಾದರೂ ಓಡಿಸುತ್ತೇನೆಂದು ಸೇರಿಕೊಂಡವರು. ಸೇಬು ಬರೆಯಿರಿ ಎಂದರೂ ಲಾಂಚ್, ಹೂಕುಂಡ ಬರೆಯಿರಿ ಎಂದರೂ ಲಾಂಚ್.

“ಪುಟ್ಟಪ್ಪನವ್ರೇ, ನೀರು ಜಾಸ್ತಿಯಾಯ್ತು,” ಎನ್ನುತ್ತಿದ್ದಳು ವಂದನಾ.

“ಕಮ್ಮಿ ಮಾಡಿದ್ರೆ ಲಾಂಚ್ ತಳ ಹತ್ತುತ್ತಲ್ಲ ಮೇಡಂ,” ಎನ್ನುತ್ತಿದ್ದರು ಅವರು.

ಮೊದಲ ಪಾಠ, ಬಣ್ಣವನ್ನು ಒಂದೇ ಸಮನಾಗಿ ಹರಡುವುದು. ಕೇಳಲು ಬಹಳ ಸುಲಭ. ಹಲಗೆಯ ತಲೆಯ ಕೆಳಗೆ ಒಂದು ಪುಸ್ತಕವಿಟ್ಟು ಇಳಿಜಾರು ಮಾಡಬೇಕು. ಕುಂಚದ ತುಂಬ ಬಣ್ಣದ ನೀರು ತುಂಬಿಕೊಂಡು ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯಬೇಕು. ಗೆರೆಯ ಕೆಳಗಿನ ಅಂಚಿನಲ್ಲಿ ನೀರು ಮಣಿಯ ಹಾಗೆ ನಿಲ್ಲುತ್ತದೆ. ಮುಂದಿನ ಗೆರೆ ಆ ಮಣಿಯನ್ನು ಮುಟ್ಟಿ ಕೆಳಗೆ ತರಬೇಕು. ಹೀಗೆ ಮೇಲಿನಿಂದ ಕೆಳಗಿನವರೆಗೆ ಇಳಿಸಿ, ಕೊನೆಗೆ ಉಳಿದ ನೀರನ್ನು ಹಿಂಡಿದ ಕುಂಚದ ತುದಿಯಿಂದ ಹೀರಿ ತೆಗೆದರೆ ಮುಗಿಯಿತು.

“ಆಮೇಲೆ?” ಎಂದು ಕೇಳಿದೆ.

“ಆಮೇಲೆ ಏನೂ ಇಲ್ಲ ಮೇಡಂ. ಒಣಗೋವರೆಗೂ ಮುಟ್ಟಬಾರದು. ಸುಮ್ನೆ ಕೂತಿರಬೇಕು.”

ಇಲ್ಲಿಯೇ ನನ್ನ ಕಲಾಜೀವನ ಮುಗ್ಗರಿಸಿದ್ದು. ಗೆರೆ ಎಳೆದೆ. ಮಣಿ ನಿಂತಿತು, ಫಳಫಳ ಹೊಳೆಯಿತು. ಅಂಚಿನಲ್ಲಿ ಒದ್ದೆ ನಿಂತಿದ್ದನ್ನು ಕಂಡ ಕೂಡಲೇ ನನ್ನ ಎಡಗೈ ನನ್ನನ್ನು ಒಂದು ಮಾತೂ ಕೇಳದೆ ಸೆರಗು ಹಿಡಿದುಕೊಂಡು ಹೋಗಿ ಅದನ್ನು ಒರೆಸಿಬಿಟ್ಟಿತು. ಮೂವತ್ತು ವರ್ಷ ಕಟ್ಟೆ, ಟೇಬಲ್ಲು, ನೆಲ, ಅತ್ತೆಯ ಔಷಧದ ಲೋಟದ ತಳ ಎಲ್ಲ ಒರೆಸಿದ ಕೈ ಅದು. ಒದ್ದೆ ಕಂಡರೆ ಅದಕ್ಕೆ ನನ್ನ ಅಪ್ಪಣೆ ಬೇಕಾಗಿಲ್ಲ.

“ಮೇಡಂ! ಅಲ್ಲೇ ಬಿಡ್ಬೇಕಿತ್ತು.”

“ಬಿಟ್ಟಿದ್ದೆ, ಕೈ ಹೋಯ್ತು.”

ಎರಡನೆಯ ಸಲ ಸೆರಗನ್ನು ಸೊಂಟಕ್ಕೆ ಬಿಗಿದು ಕೂತೆ. ಈ ಸಲ ಒರೆಸಲಿಲ್ಲ. ಆದರೆ ಸುಮ್ಮನೆ ಕೂರಲು ಹೇಗೆ ಸಾಧ್ಯ? ಅರ್ಧ ಒಣಗಿದ ಬಣ್ಣದ ಮೇಲೆ, ಒಂದು ಕಡೆ ತೆಳುವಾಯಿತೇನೋ ಎಂದು ಒಂದೇ ಒಂದು ಚುಕ್ಕಿ ನೀರು ಮುಟ್ಟಿಸಿದೆ. ನೋಡುತ್ತಿದ್ದ ಹಾಗೆಯೇ ಆ ಚುಕ್ಕಿ ಸುತ್ತಲೂ ಬಣ್ಣವನ್ನು ದೂಡುತ್ತ ಅಂಚೆಲ್ಲ ಸುರುಟಿಕೊಂಡು, ಹೂಕೋಸಿನ ಹಾಗೆ ಅರಳಿತು. ನನ್ನ ನೀಲಿ ಆಕಾಶದಲ್ಲಿ ಸಂಜೆಯ ಹೊತ್ತಿಗೆ ನಾಲ್ಕು ಹೂಕೋಸುಗಳು ಬೆಳೆದು ನಿಂತಿದ್ದವು. ಇದನ್ನು ತಡೆಯುವುದಕ್ಕೆ ಒಂದೇ ಉಪಾಯ, ಕಾಗದದ ಹೊಳಪು ಆರುವ ಕ್ಷಣವನ್ನು ನೋಡಿ ಕಲಿಯಬೇಕು ಎಂದಳು ವಂದನಾ. ಹೊಳಪಿರುವಾಗ ಒಂದು ಕೆಲಸ, ಹೊಳಪು ಆರಿದಾಗ ಇನ್ನೊಂದು, ನಡುವಿನ ಹೊತ್ತಿನಲ್ಲಿ ಕೈ ಹಾಕಿದರೆ ಹೂಕೋಸು. ನನಗೋ ಆ ಕ್ಷಣ ಯಾವತ್ತೂ ಕಾಣುತ್ತಿರಲಿಲ್ಲ. ಕಾಗದ ಒಣಗುವ ಹೊತ್ತಿನಲ್ಲಿ ನಾನು ಎಲ್ಲರ ಕೊಳಕು ನೀರಿನ ಮಗ್ಗುಗಳನ್ನು ತೊಳೆದು, ನೆಲದ ಮೇಲಿನ ಹಿಟ್ಟಿನ ಧೂಳು ಗುಡಿಸಿ, ಪುಟ್ಟಪ್ಪನವರ ಲಾಂಚಿನಿಂದ ಕೆಳಗಿಳಿದ ಹೊಳೆಯನ್ನು ಒರೆಸಿ ಬರುತ್ತಿದ್ದೆ. ಹಿಂತಿರುಗಿ ಬರುವಷ್ಟರಲ್ಲಿ ಕಾಗದ ಒಣಗಿ ಕೂತಿರುತ್ತಿತ್ತು.

ಆದರೂ ಆ ಎರಡು ಗಂಟೆಗಳು ನನ್ನವು. ಚಿತ್ರ ಬಂದರೆಷ್ಟು ಬಿಟ್ಟರೆಷ್ಟು. ಇಪ್ಪತ್ತೆರಡು ಮೆಟ್ಟಿಲು ಹತ್ತಿದ ಮೇಲೆ ಅಲ್ಲಿ ನನ್ನನ್ನು ಯಾರೂ ಕೂಗುತ್ತಿರಲಿಲ್ಲ. ಅದಕ್ಕಾಗಿ ನಾನು ಇನ್ನೂ ನಲವತ್ತು ಮೆಟ್ಟಿಲು ಹತ್ತಲೂ ತಯಾರಿದ್ದೆ.

ವಂದನಾ ಮನೆಯಲ್ಲಿ ದಿನಕ್ಕೊಂದು ಹಾಳೆ ಅಭ್ಯಾಸ ಮಾಡಿ ಎಂದಿದ್ದಳು. ಊಟದ ಮೇಜಿನ ಮೂಲೆಯಲ್ಲಿ ಪಾತ್ರೆ ಪಡಗ ಸರಿಸಿ ಕೂತೆ. ಮೂರು ಗೆರೆ ಇಳಿಸಿದ್ದೆನೋ ಇಲ್ಲವೋ, ಹಾಲಿನಿಂದ ಯಜಮಾನರ ದನಿ.

“ಶ್ಯಾಮಲಾ, ನನ್ನ ಕನ್ನಡಕ ಎಲ್ಲಿದ್ದು?”

“ನಿಮ್ಮ ಮೂಗಿನ ಮೇಲೆ.”

“ಇದು ದೂರದ್ದನೆ. ಹತ್ರದ್ದು?”

ಹತ್ತಿರದ್ದನ್ನು ಹುಡುಕಿಕೊಟ್ಟು ಬಂದೆ. ಮಣಿ ಆರಿ ಗಟ್ಟಿ ಗೆರೆಯಾಗಿತ್ತು. ಹೊಸ ಹಾಳೆ ತೆಗೆದೆ. ಎರಡು ಗೆರೆ. ಕುಕ್ಕರ್ ಕೂಗಿತು. ಇನ್ನೊಂದು ಹಾಳೆ. ಒಂದು ಗೆರೆ. ಗ್ಯಾಸಿನವನು ಬಂದ. ಯಜಮಾನರು ಹತ್ತಿರದ ಕನ್ನಡಕ ಹಾಕಿಕೊಂಡು ಬಂದು ನನ್ನ ಮೂರೂ ಹಾಳೆಗಳನ್ನು ಬಹಳ ಹೊತ್ತು ಪರಿಶೀಲಿಸಿದರು. ಸೊಸೈಟಿಯಲ್ಲಿ ಅರ್ಜಿಗಳನ್ನು ತಿರಸ್ಕರಿಸುವ ಮೊದಲು ಹೀಗೇ ನೋಡುತ್ತಿದ್ದರಂತೆ.

“ಇದು ಎಂತ, ನಮ್ಮ ಬಚ್ಚಲಮನೆ ಗೋಡೆಯಾ?”

“ಆಕಾಶ.”

“ಎಲ್ಲಿದು?”

ಬೆತ್ತದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಆಗ ಬಾಯಿ ಬಿಟ್ಟರು.

“ತಂಗೀ, ನಿನ್ನ ಹಿಟ್ಟು ನೀರಾಜು.”

“ಇದು ಹಿಟ್ಟಲ್ಲ ಅತ್ತೆ, ಬಣ್ಣ.”

“ಎಂತದೇ ಆಗ್ಲಿ, ಹದ ಹೇಳಿ ಒಂದಿದ್ದಲೆ? ಅಲ್ಲದೆ ನೀನು ಎಳೆದಲ್ಲಿ ಮತ್ತೆ ಮತ್ತೆ ಎಳಿತೆ. ತೊಡೆದೇವು ಮಾಡ್ದಾಂಗೆ ಒಂದೇ ಸಲ ಎಳದು ಬಿಡವು.”

ನಮ್ಮತ್ತೆಯ ತೊಡೆದೇವಿನ ಕೀರ್ತಿ ಸಾಗರ ಸೀಮೆಯನ್ನು ದಾಟಿ ಹೊಸನಗರದವರೆಗೆ ಹಬ್ಬಿತ್ತು. ತಿಳಿಯದವರಿಗೆ ಹೇಳುತ್ತೇನೆ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ, ಬೆಲ್ಲ ಬೆರೆಸಿದ ತೆಳು ಅಕ್ಕಿಹಿಟ್ಟಿನಲ್ಲಿ ಬಟ್ಟೆ ಅದ್ದಿ, ಕಾದ ಮಡಕೆಯ ಬೆನ್ನಿನ ಮೇಲೆ ಒಂದೇ ಬೀಸಿಗೆ ಸವರಬೇಕು. ಕಾಗದಕ್ಕಿಂತ ತೆಳುವಾದ ಪದರ ಎದ್ದು ಬರುತ್ತದೆ. ಒಂದು ಕಡೆ ದಪ್ಪವಾದರೆ ಹರಿಯಿತು, ಎರಡು ಸಲ ಸವರಿದರೆ ಹೋಯಿತು. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ತೊಡೆದೇವನ್ನು ಯಜಮಾನರು ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋಗಿ ದನಕ್ಕೆ ಹಾಕಿದ್ದರು.

“ಒಂದು ಮೆತ್ತನೆ ಬಟ್ಟೆ ತಗಂಬಾ, ನೋಡನ,” ಎಂದರು ಅತ್ತೆ.

ಹಳೇ ಪಂಚೆಯ ತುಂಡು ಕೊಟ್ಟೆ. ಅದನ್ನು ಒಂದು ಕಡ್ಡಿಗೆ ಸುತ್ತಿ, ಬಟ್ಟಲಿನ ನೀಲಿಯಲ್ಲಿ ಅದ್ದಿ, ಅಂಚಿಗೆ ಒತ್ತಿ ಹೆಚ್ಚಿನದನ್ನು ಬಿಟ್ಟು, ಹಾಳೆಯ ಈ ತುದಿಯಿಂದ ಆ ತುದಿಗೆ ಸರ್ರನೆ ಎಳೆದರು. ಪಕ್ಕಕ್ಕೆ ಇನ್ನೊಂದು. ಅದರ ಪಕ್ಕಕ್ಕೆ ಮತ್ತೊಂದು. ಮೂರು ಬೀಸಿಗೆ ಹಾಳೆ ತುಂಬಿತು. ಒಂದು ಪಟ್ಟೆಯಿಲ್ಲ, ಒಂದು ಕಲೆಯಿಲ್ಲ, ಒಂದು ಹೂಕೋಸಿಲ್ಲ. ಮಾರ್ಗಶಿರದ ಬೆಳಗಿನ ಆಕಾಶ ನಮ್ಮ ಊಟದ ಮೇಜಿನ ಮೇಲೆ ಮಲಗಿತ್ತು.

“ಇನ್ನು ಮುಟ್ಲಾಗ,” ಎಂದು ಕೈ ಒರೆಸಿಕೊಂಡು, ಕೋಲು ಹಿಡಿದು ಕುರ್ಚಿಗೆ ವಾಪಸು ಹೋದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಆ ಹಾಳೆಯನ್ನು ಮಂಗಳವಾರ ತರಗತಿಗೆ ಒಯ್ದೆ. ನನ್ನದೆಂದು ನಾನು ಹೇಳಲಿಲ್ಲ, ದೇವರಾಣೆ. ನನ್ನದಲ್ಲ ಎಂದೂ ಹೇಳಲಿಲ್ಲ. ಎರಡು ತಿಂಗಳಿಂದ ಹೂಕೋಸು ಬೆಳೆದವಳಿಗೆ ಒಂದು ದಿನವಾದರೂ ಹೊಗಳಿಸಿಕೊಳ್ಳಬೇಕು ಎಂದು ಆಸೆಯಾಗಿತ್ತು. ವಂದನಾ ಅದನ್ನು ಬೆಳಕಿಗೆ ಹಿಡಿದಳು, ಓರೆ ಮಾಡಿ ನೋಡಿದಳು, ಹನ್ನೊಂದು ಜನರಿಗೂ ತೋರಿಸಿದಳು.

“ಮೇಡಂ, ಇಷ್ಟು ಸಮ ನನಗೂ ಬರಲ್ಲ! ಎಲ್ಲರ ಎದುರಿಗೆ ಒಂದ್ಸಲ ಮಾಡಿ ತೋರಿಸಿ.”

ಕೆಳಗೆ ಅದೇ ಹೊತ್ತಿಗೆ ಯಾರೋ ರಾಗಿ ಹಾಕಿದರು, ನನ್ನ ಹಲಗೆ ನಡುಗಿತು. ಅತ್ತೆಯ ಬಟ್ಟೆ ಕಟ್ಟಿದ ಕಡ್ಡಿ ಚೀಲದಲ್ಲಿತ್ತು, ತೆಗೆದೆ. ಅದ್ದಿದೆ. ಎಳೆದೆ. ಕಾಗದದ ಮೇಲೆ ಒಂದು ಕೆರೆಯಾಯಿತು. ನನ್ನ ಎಡಗೈ ಓಡಿಬಂದು ಅದನ್ನು ಒರೆಸಿತು.

“ಆ ಹಾಳೆ ಯಾರು ಮಾಡಿದ್ದು ಅಮ್ಮಾ?” ಎಂದು ಪುಟ್ಟಪ್ಪನವರು ಮೆಲ್ಲಗೆ ಕೇಳಿದರು.

“ನಮ್ಮತ್ತೆ,” ಎಂದೆ. ಅಳು ಬರುವ ಹಾಗಿತ್ತು. ತೊಡೆದೇವಿನ ಕತೆಯನ್ನೆಲ್ಲ ಹೇಳಿಬಿಟ್ಟೆ.

ವಂದನಾ ಬೈಯಬಹುದಿತ್ತು. ಬೈದಿದ್ದರೆ ನಾನು ಬಚಾವಾಗುತ್ತಿದ್ದೆ. ಅವಳ ಕಣ್ಣು ಮಿಂಚಿತು. “ಮೇಡಂ, ಅವರನ್ನ ಕರ್ಕೊಂಡು ಬನ್ನಿ!”

“ಅವರಿಗೆ ಮೆಟ್ಟಿಲು ಹತ್ತಕ್ಕೆ ಆಗಲ್ಲ.”

“ಹಂಗಾದ್ರೆ ನಾವೇ ನಿಮ್ಮನೆಗೆ ಬರ್ತೀವಿ!”

ಮುಂದಿನ ಶುಕ್ರವಾರ ಸಂಜೆ ನಾಲ್ಕಕ್ಕೆ ನನ್ನ ಗಂಟೆ ಹನ್ನೆರಡು ಜೊತೆ ಚಪ್ಪಲಿ ಬಿಟ್ಟು ನಮ್ಮ ಮನೆಯ ಹಾಲಿಗೆ ಬಂದು ಕೂತಿತು. ಅತ್ತೆ ಬೆಳಿಗ್ಗೆಯೇ ಹೊಸ ಸೀರೆ ಉಟ್ಟಿದ್ದರು. ವಂದನಾ ಕಲಿಸುವ ವಿದ್ಯೆಗೆಲ್ಲ ಅವರ ಹತ್ತಿರ ಸ್ವಂತ ಭಾಷೆಯಿತ್ತು. ಆಕಾಶಕ್ಕೆ ನೀರುದೋಸೆಯ ಹದ, ದೂರದ ಗುಡ್ಡಕ್ಕೆ ತಂಬುಳಿಯ ಹದ, ಹತ್ತಿರದ ಮರಕ್ಕೆ ಇಡ್ಲಿ ಹಿಟ್ಟಿನ ಹದ, ಕೊನೆಯ ಕಪ್ಪು ಚುಕ್ಕಿಗಳಿಗೆ ಮಂದ ಜೋನಿಬೆಲ್ಲದ ಹದ. ವಂದನಾ ಇದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಪುಟ್ಟಪ್ಪನವರ ಲಾಂಚು ಆ ದಿನ ಮೊದಲ ಬಾರಿಗೆ ಮುಳುಗದೆ ದಡ ಸೇರಿತು.

“ನಂಗೆ ಇಷ್ಟು ವರ್ಷ ಇದು ಚಿತ್ರ ಹೇಳಿ ಗೊತ್ತೇ ಇಲ್ಲೆ,” ಎಂದು ಅತ್ತೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಮಾವ ಹೋದ ಮೇಲೆ ನೋಡಿರಲಿಲ್ಲ. ಆದ್ದರಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.

ಒಳಗೆ ಏನು ಮಾಡಿದೆ ಎಂದು ಕೇಳಬೇಡಿ. ಮನೆಗೆ ಬಂದವರಿಗೆ ತಿಂಡಿ ಪಾನೀಯದ ಆಸರಿಗೆ ಕೊಡದೆ ಕಳಿಸುವುದುಂಟೇ? ಹನ್ನೆರಡು ಜನಕ್ಕೆ ಅವಲಕ್ಕಿ, ಹನ್ನೆರಡು ಜನಕ್ಕೆ ಕಷಾಯ. ಮಂಗಳವಾರ ಅವಲಕ್ಕಿಯಾದರೆ ಶುಕ್ರವಾರ ಮಂಡಕ್ಕಿ. ಎಲ್ಲರ ಮಗ್ಗಿಗೂ ಚೊಕ್ಕ ನೀರು, ಕೊಳಕು ನೀರು ಚೆಲ್ಲಿ ಮತ್ತೆ ಚೊಕ್ಕ ನೀರು. ನನ್ನ ಹಾಳೆ ಮೂಲೆಯಲ್ಲಿ ಒಂದು ಗೆರೆ ಎಳೆಸಿಕೊಂಡು ಒಣಗಿ ಬಿದ್ದಿರುತ್ತಿತ್ತು. ಯಜಮಾನರಿಗೆ ಮಾತ್ರ ಈ ಏರ್ಪಾಡು ಬಹಳ ಹಿಡಿಸಿತು, ನಾಲ್ಕು ಗಂಟೆಯ ಕಾಫಿ ಮತ್ತೆ ಬಿಸಿಬಿಸಿಯಾಗಿ ಸಿಗತೊಡಗಿತ್ತು.

ಒಂದೂವರೆ ತಿಂಗಳು ಹೀಗೇ ಕಳೆಯಿತು. ಒಂದು ಗುರುವಾರ ಮಧ್ಯಾಹ್ನ ಮಾರನೆಯ ದಿನದ ಮಂಡಕ್ಕಿಗೆ ಈರುಳ್ಳಿ ಹೆಚ್ಚಿಡುತ್ತಾ ನನಗೆ ಇದ್ದಕ್ಕಿದ್ದ ಹಾಗೆ ತಡೆಯಲಾಗದೆ ಹೋಯಿತು. (ಕಣ್ಣೀರಿಗೆ ಈರುಳ್ಳಿಯ ನೆಪ ಸಿಕ್ಕಿದ್ದು ಒಂದು ಅನುಕೂಲ.) ಚಾಕು ಕೆಳಗಿಟ್ಟು ಹಾಲಿಗೆ ಬಂದೆ.

“ನಾಳೆಯಿಂದ ನಾನು ಆಸರಿಗೆ ಮಾಡ್ತಿಲ್ಲೆ. ಆ ಒಂದು ಗಂಟೆ ನಂದು. ಅದನ್ನ ಕೇಳಿ ಇಸ್ಕಂಡಿದ್ದು ನಾನು.”

“ಯಾರು ಬ್ಯಾಡ ಹೇಳ್ದ?” ಎಂದರು ಯಜಮಾನರು. “ಎಲ್ಲರೂ ಇಲ್ಲೇ ಬತ್ತ, ನಿಂಗೆ ಮೆಟ್ಟಿಲು ಹತ್ತದೂ ತಪ್ಪಿಜು. ಇನ್ನೆಂತ ಕಷ್ಟ?”

“ಮೆಟ್ಟಿಲು ಹತ್ತದೇ ನಂಗೆ ಬೇಕಾಗಿತ್ತು!”

“ಮೆಟ್ಟಿಲು ಬೇಕು ಹೇಳಿ ಅಳವ್ವು ಯಾರಿದ್ದ?” ಎಂದು ಅವರು ನಿಜವಾಗಿಯೇ ಅರ್ಥವಾಗದೆ ತಾಯಿಯ ಮುಖ ನೋಡಿದರು.

ಅತ್ತೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಎಳೆದ ಬಣ್ಣ ಹದವಾಗಿ ಕೂತಿದೆಯೇ ಎಂದು ನೋಡುವ ಹಾಗೆಯೇ ನೋಡಿದರು.

ಮಾರನೆಯ ದಿನ ಯಜಮಾನರು ಬೆಳಿಗ್ಗೆಯೇ ಹುಂಚದ ಕಡೆಗೆ ಒಂದು ಗೃಹಪ್ರವೇಶಕ್ಕೆ ಹೊರಟರು, ಬರುವುದು ಸಂಜೆ ಎಂದರು. ನಾಲ್ಕಕ್ಕೆ ತರಗತಿ ಸೇರಿತು. ಆ ದಿನದ ಪಾಠ, ಕೂತಿರುವ ಮನುಷ್ಯನ ಚಿತ್ರ. ಯಾರಾದರೂ ಒಬ್ಬರು ಒಂದು ಗಂಟೆ ಅಲ್ಲಾಡದೆ ಎದುರಿಗೆ ಕೂರಬೇಕು ಎಂದಳು ವಂದನಾ. ಪುಟ್ಟಪ್ಪನವರು ಮುಂದೆ ಬಂದು ಕೂತರು. ಮೂರೇ ನಿಮಿಷಕ್ಕೆ ಆಚೆ ಈಚೆ ವಾಲತೊಡಗಿದರು, ಲಾಂಚಿನ ಅಭ್ಯಾಸ.

“ಶ್ಯಾಮಲಾ ಕೂತ್ಕಳ್ಲಿ,” ಎಂದರು ಅತ್ತೆ.

“ನಾನಾ? ಒಲೆ ಮೇಲೆ ಕುಕ್ಕರ್ ಇದ್ದು ಅತ್ತೆ.”

“ವಂದನಾ, ಹೋಗಿ ಒಲೆ ಆರ್ಸಿಕ್ಕಿ ಬಾರೆ. ಶ್ಯಾಮಲಾ, ನೀನು ಕೂತ್ಕ.”

ಕೂತೆ. ಎರಡು ಕೈ ಮಡಿಲಲ್ಲಿಟ್ಟುಕೊಂಡೆ. ಮೊದಲ ಐದು ನಿಮಿಷ ಸ್ವರ್ಗ. ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ, ಯಾರೂ ನನ್ನಿಂದ ಏನೂ ಕೇಳುತ್ತಿಲ್ಲ. ಇದು ನಾನು ಕೇಳಿದ್ದಕ್ಕಿಂತಲೂ ಜಾಸ್ತಿ ಎನಿಸಿತು. ಆರನೆಯ ನಿಮಿಷಕ್ಕೆ ಮೂಗು ತುರಿಸಿತು. ಕೈ ಎತ್ತುವಷ್ಟರಲ್ಲಿ ಅತ್ತೆಯ ಗರ್ಜನೆ.

“ಅಲ್ಲಾಡಡ! ಭುಜ ಇನ್ನೂ ಒದ್ದೆ ಇದ್ದು!”

ಫೋನು ಬಡಿದುಕೊಂಡಿತು, ಏಳುವ ಹಾಗಿಲ್ಲ. ಹಿತ್ತಿಲಿನ ಬಾಗಿಲಲ್ಲಿ ಯಾರೋ ಕರೆದರು, ಓಗೊಡುವ ಹಾಗಿಲ್ಲ, ಬಾಯಿಗೆ ಆಗಷ್ಟೇ ಬಣ್ಣ ಇಟ್ಟಿದ್ದರಂತೆ. ಇವೆಲ್ಲವನ್ನೂ ಸಹಿಸಿದೆ. ಆದರೆ ಹತ್ತು ನಿಮಿಷದ ಮೇಲೆ ಪುಟ್ಟಪ್ಪನವರ ಮೊಣಕೈ ತಗುಲಿ ಅವರ ಮಗ್ಗು ಉರುಳಿತು. ನೀರು ನನ್ನ ಕಾಲಿನಿಂದ ಒಂದು ಮಾರು ದೂರಕ್ಕೆ ಕೆಂಪು ನೆಲದ ಮೇಲೆ ಹರಡಿಕೊಂಡು ಫಳಫಳ ಹೊಳೆಯತೊಡಗಿತು. ಯಾರೂ ಏಳಲಿಲ್ಲ. ಯಾರ ಕಣ್ಣಿಗೂ ಅದು ಬಿದ್ದೇ ಇಲ್ಲ. ನನ್ನ ಎಡಗೈ ಮಡಿಲಿನಲ್ಲಿ ಮೀನಿನ ಹಾಗೆ ಒದ್ದಾಡಿತು. ಬಲಗೈಯಿಂದ ಅದನ್ನು ಹಿಡಿದು ಕೂತೆ.

ಒರೆಸುವಂತಿಲ್ಲ. ನೋಡದೆ ಇರುವುದಕ್ಕೂ ಆಗುವುದಿಲ್ಲ. ಹಾಗಾಗಿ ನೋಡಿದೆ. ಮೊದಲು ಅಂಚುಗಳು ತೆಳುವಾದವು. ಕಿಟಕಿಯ ಬೆಳಕು ಅದರ ಮೇಲೆ ಕನ್ನಡಿಯಂತೆ ಕೂತಿತ್ತು. ಆ ಕನ್ನಡಿ ಸಣ್ಣದಾಗುತ್ತಾ ನಡುವಿಗೆ ಸರಿಯಿತು. ನೆಲ ಇನ್ನೂ ಒದ್ದೆಯೇ ಇತ್ತು, ಕಪ್ಪಗಿತ್ತು. ಆದರೆ ಒಂದು ಗಳಿಗೆಯಲ್ಲಿ ಹೊಳಪು ಮಾತ್ರ ಹೊರಟುಹೋಯಿತು. ನನ್ನ ಕಣ್ಣೆದುರಿಗೇ ಹೋಯಿತು. ನಾಲ್ಕು ತಿಂಗಳು ವಂದನಾ ಬಾಯಿ ನೋಯಿಸಿಕೊಂಡು ಹೇಳುತ್ತಿದ್ದ ಕ್ಷಣ ಇದೇ. ಎದ್ದು ಹೋಗಿ ಒಂದು ಹಾಳೆ ತೆಗೆದುಕೊಂಡು ಆಕಾಶ ಬರೆದುಬಿಡಬೇಕು ಎಂದು ಮೈ ಜುಮ್ಮೆಂದಿತು. ಎರಡು ಸಾರಿ ಉಸಿರು ಎಳೆದೆ.

“ಅಲ್ಲಾಡಡ ಹೇಳ್ಜಿ!” ಎಂದರು ಅತ್ತೆ.

ಐದೂ ಹತ್ತಕ್ಕೆ ಬಿಡುಗಡೆಯಾಯಿತು. ಎಲ್ಲರೂ ಅತ್ತೆಯ ಹಾಳೆಯ ಸುತ್ತ ಸೇರಿದರು. ನಾನೂ ಇಣುಕಿದೆ. ನನ್ನ ಹಸಿರು ಸೀರೆ, ಕೂದಲಿಗೆ ಸಿಕ್ಕಿಸಿಕೊಂಡು ಮರೆತುಬಿಡುವ ನನ್ನ ಕನ್ನಡಕ, ಗಲ್ಲದ ಮೇಲಿನ ಮಚ್ಚೆ. ಮುಖದಲ್ಲಿ ಹೆಚ್ಚು ಗೆರೆಗಳಿರಲಿಲ್ಲ, ಆದರೆ ನಾನೇ. ಮಡಿಲಲ್ಲಿ ಕೈಯಿಟ್ಟುಕೊಂಡು, ಕೆಳಗೆ ಎಲ್ಲೋ ನೋಡುತ್ತಾ, ನನಗೇ ಗೊತ್ತಿಲ್ಲದ ಒಂದು ನೆಮ್ಮದಿಯಲ್ಲಿ ಕೂತಿದ್ದೆ.

“ಥೇಟ್ ನೀವೇ ಅಮ್ಮಾ! ಬೀದೀಲಿ ಕಂಡ್ರೂ ಗುರ್ತು ಹಿಡೀಬಹುದು,” ಎಂದರು ಪುಟ್ಟಪ್ಪನವರು. ಹನ್ನೊಂದು ಜನರೂ ಹೌದೆಂದರು. ವಂದನಾ ಅದನ್ನು ಒಣಗಲೆಂದು ಹಾಲಿನ ಗೋಡೆಗೆ ಕ್ಲಿಪ್ಪು ಹಾಕಿ ನೇತುಹಾಕಿದಳು. ಅವರೆಲ್ಲ ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು.

“ಹೆಚ್ಚು ಕಷ್ಟ ಆತನೆ?”

“ಇಲ್ಲೆ ಅತ್ತೆ,” ಎಂದೆ. ಮೂವತ್ತು ವರ್ಷದಲ್ಲಿ ಈ ಮನೆಯಲ್ಲಿ ನನ್ನನ್ನು ಯಾರಾದರೂ ಒಂದು ಗಂಟೆ ನೋಡಿದ್ದರೆ ಅದು ಇವತ್ತೇ. ಹಾಗೆಂದು ಹೇಳಲು ನಾಚಿಕೆಯಾಗಿ, ಹನ್ನೆರಡು ಮಗ್ಗುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ತೊಳೆಯುತ್ತಿದ್ದ ಹಾಗೆ ಗೇಟಿನ ಸದ್ದಾಯಿತು. ಯಜಮಾನರು ಬಂದರು. ಚಪ್ಪಲಿ ಬಿಟ್ಟರು, ಹಾಲಿಗೆ ಬಂದರು, ಗೋಡೆಯ ಎದುರು ನಿಂತರು. ಹೆಜ್ಜೆಯ ಸದ್ದು ನಿಂತಿದ್ದರಿಂದ ನನಗೆ ಗೊತ್ತಾಯಿತು. ನಾನು ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು, ಇಪ್ಪತ್ತೆರಡರ ಹುಡುಗಿಯ ಹಾಗೆ. ನಾಚಿಕೆಗೇಡು, ಆದರೆ ಇದ್ದದ್ದನ್ನು ಹೇಳುತ್ತಿದ್ದೇನೆ.

“ಅಮಾ, ಇದು ನೀನು ಮಾಡಿದ್ದಾ? ಭಾರೀ ಚಂದ ಬಂಜಲೆ!” ಎಂದರು. ಹತ್ತಿರದ ಕನ್ನಡಕ ತೆಗೆದು ಹಾಕಿಕೊಂಡ ಸದ್ದೂ ಕೇಳಿಸಿತು. ಬಹಳ ಹೊತ್ತು ನೋಡಿರಬೇಕು.

“ಎಷ್ಟು ಆರಾಮಾಗಿದ್ದು ಮುಖ! ಯಾರಿದು? ವಂದನಾನ ಅಮ್ಮನಾ?”

“ನಿನ್ನ ಹೆಂಡತಿನೇ ಮಾರಾಯಾ!”

ಮತ್ತೆ ಅವರ ದನಿ ಬಂತು. ತಮಾಷೆಯಿಲ್ಲ, ಕುಹಕವಿಲ್ಲ, ಒಬ್ಬ ಪ್ರಾಮಾಣಿಕ ಮನುಷ್ಯ ತನಗೆ ತೋಚಿದ ಕಾರಣವನ್ನು ಕೊಡುತ್ತಿದ್ದ.

“ಹೌದಾ? ಕೂತ್ಕಂಡಿದ್ದಲ, ಅದ್ಕೆ ಗುರ್ತು ಸಿಕ್ಕಿದ್ದಿಲ್ಲೆ.”